ನಲವತ್ತೆಂಟು ಗಂಟೆಗಳ ಸಿನಿಮಾ

ಎಪ್ಪತ್ತು ದಾಟಿದವನೊಬ್ಬ ತಾನು ಸಿನಿಮಾದಲ್ಲಿ ಪಾತ್ರ ಮಾಡಿದೆನೆಂದು ಹೇಳಿಕೊಂಡರೆ ಕೇಳಿದವರು ನಗುವುದು ಸಹಜ. ಪಾತ್ರ ಮಾಡಿದ ಎಂಟನೆಯ ದಿನವೇ ಅದನ್ನು ತೆರೆಯ ಮೇಲೆ ನೋಡಿಯೂ ಬಂದೆನೆಂದರೆ ನಗುವಿನ ಜೊತೆಗೆ ಸಂಶಯವೂ ಸೇರಿಕೊಳ್ಳುತ್ತದೆ. ಆದರೆ ಕಳೆದ ಮಳೆಗಾಲದ ಒಂದು ಶನಿವಾರ ಸಂಜೆ ಮೈಸೂರಿನ ಒಂದು ಸಣ್ಣ ಸಭಾಂಗಣದಲ್ಲಿ ಸೇರಿದ್ದ ನೂರೈವತ್ತು ಮಂದಿಯಲ್ಲಿ ಬಹುಪಾಲು ಜನರ ಅವಸ್ಥೆ ನನ್ನದೇ ಆಗಿತ್ತು. ಅಲ್ಲಿ ನೋಡಬಂದವರೇ ತೆರೆಯ ಮೇಲೂ ಇದ್ದರು. ಮಿಕ್ಕವರು ಅವರ ತಾಯಿತಂದೆಗಳು, ಸೋದರಮಾವಂದಿರು, ಮತ್ತು ತಮ್ಮ ಮನೆಯನ್ನೋ ಸ್ಕೂಟರನ್ನೋ ಎರಡು ದಿನಗಳ ಮಟ್ಟಿಗೆ ಎರವಲು ಕೊಟ್ಟು, ಅದು ಸಿನಿಮಾದಲ್ಲಿ ಹೇಗೆ ಕಾಣುತ್ತದೆಂದು ನೋಡಲು ಬಂದ ನೆರೆಹೊರೆಯವರು.

ಈ ಪ್ರದರ್ಶನದ ಹಿನ್ನೆಲೆಯನ್ನು ಸ್ವಲ್ಪ ವಿವರಿಸಬೇಕು. ಇದು ಗಡಿಯಾರದೊಡನೆ ಹೂಡಿದ ಪಂದ್ಯ. ಶುಕ್ರವಾರ ಸಂಜೆ ಏಳು ಗಂಟೆಗೆ ತಂಡಗಳೆಲ್ಲ ಒಂದೆಡೆ ಸೇರುತ್ತವೆ. ಪ್ರತಿ ತಂಡವೂ ಒಂದು ಚೀಟಿ ಎತ್ತುತ್ತದೆ. ಅದರಲ್ಲಿ ಹಾಸ್ಯ, ಭಯಾನಕ, ಪ್ರೇಮ, ಪತ್ತೇದಾರಿ ಎಂದು ಚಿತ್ರದ ಜಾತಿ ಬರೆದಿರುತ್ತದೆ. ಅನಂತರ ಎಲ್ಲರಿಗೂ ಸಮಾನವಾಗಿ ಮೂರು ಕಟ್ಟುಗಳನ್ನು ವಿಧಿಸುತ್ತಾರೆ: ಒಂದು ಪಾತ್ರ, ಒಂದು ವಸ್ತು, ಒಂದು ಮಾತು. ಈ ಮೂರೂ ಚಿತ್ರದಲ್ಲಿ ಬರಲೇಬೇಕು. ನಮ್ಮೂರಿನ ಪಂದ್ಯದಲ್ಲಿ ಪಾತ್ರ ಒಬ್ಬ ನಿವೃತ್ತ ಅಂಚೆಯವನು. ವಸ್ತು, ಒಂದು ಕೊಡೆ. ಮಾತು, 'ನಾನಾಗಲೇ ಹೇಳಿದ್ನಲ್ಲ' ಎಂಬುದು. ಮೊದಲೇ ತಯಾರಿಸಿಟ್ಟುಕೊಂಡ ಚಿತ್ರವನ್ನು ಯಾರೂ ತಂದೊಪ್ಪಿಸದಿರಲಿ ಎಂಬುದಕ್ಕಾಗಿ ಈ ಉಪಾಯ. ಅಲ್ಲಿಂದ ಮುಂದೆ ಕಥೆ ಬರೆಯುವುದು, ಚಿತ್ರೀಕರಣ, ಸಂಕಲನ, ಸಂಗೀತ ಎಲ್ಲವೂ ಭಾನುವಾರ ಸಂಜೆ ಏಳೂವರೆಯೊಳಗೆ ಮುಗಿದು ನಾಲ್ಕರಿಂದ ಏಳು ನಿಮಿಷಗಳ ಒಂದು ಚಿತ್ರ ಕೈಗೆ ಬರಬೇಕು. ಒಂದು ನಿಮಿಷ ತಡವಾದರೂ ಚಿತ್ರ ಸ್ಪರ್ಧೆಯಿಂದ ಹೊರಗೆ. ತೋರಿಸುವುದನ್ನೇನೋ ತೋರಿಸುತ್ತಾರೆ, ಬಹುಮಾನಕ್ಕೆ ಮಾತ್ರ ಎಣಿಸುವುದಿಲ್ಲ.

ಈ ನಿಯಮಗಳು ನಮ್ಮೂರಿನಲ್ಲಿ ಹುಟ್ಟಿದವಲ್ಲ. 2001ರಲ್ಲಿ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಮಾರ್ಕ್ ರಪರ್ಟ್ ಮತ್ತು ಲಿಜ್ ಲ್ಯಾಂಗ್‌ಸ್ಟನ್ ಎಂಬ ಇಬ್ಬರು ಹೂಡಿದ ಆಟ ಇದು. ಈಗ ಹಲವು ದೇಶಗಳ ನಗರಗಳಿಗೆ ಹಬ್ಬಿದೆ. ಇಂಥ ಹಟದ ವಂಶಾವಳಿಯನ್ನು ಇನ್ನೂ ಹಿಂದಕ್ಕೆ ಒಯ್ಯಬಹುದು. 1995ರಲ್ಲಿ ನ್ಯೂಯಾರ್ಕಿನ ರಂಗಭೂಮಿಯವರು 24 ಗಂಟೆಗಳಲ್ಲಿ ನಾಟಕ ಬರೆದು, ಕಲಿತು, ಆಡಿ ತೋರಿಸುವ ಪದ್ಧತಿಯನ್ನು ಆರಂಭಿಸಿದ್ದರು. ಅದಕ್ಕೂ ಮುಂಚೆ, 1990ರಲ್ಲಿ, ಸ್ಕಾಟ್ ಮೆಕ್ಲೌಡ್ ಎಂಬ ಚಿತ್ರಕಥೆಗಾರ 24 ಗಂಟೆಗಳಲ್ಲಿ 24 ಪುಟಗಳ ಕಾಮಿಕ್ಸ್ ಬರೆಯುವ ಪಣ ತೊಟ್ಟಿದ್ದ. ಲಂಡನ್ನಿನಲ್ಲಿ 1999ರಿಂದ ನಡೆದುಬಂದ 'ಸ್ಟ್ರೇಟ್ 8' ಎಂಬ ಕೂಟದ ಕಟ್ಟುಪಾಡು ಇನ್ನೂ ವಿಚಿತ್ರವಾದದ್ದು. ಅಲ್ಲಿ ಗಡಿಯಾರದ ಬದಲು ಫಿಲಮ್ಮಿನ ಸುರುಳಿಯೇ ಯಜಮಾನ. ಸೂಪರ್ 8 ಫಿಲಮ್ಮಿನ ಒಂದೇ ಒಂದು ಡಬ್ಬಿ, ಎಂದರೆ ಮೂರು ಮೂರೂವರೆ ನಿಮಿಷಕ್ಕಾಗುವಷ್ಟು. ಕತ್ತರಿಸುವಂತಿಲ್ಲ, ಅಂಟಿಸುವಂತಿಲ್ಲ, ತೆಗೆದ ಕ್ರಮದಲ್ಲೇ ಚಿತ್ರ. ಧ್ವನಿಯನ್ನು ಬೇರೆಯಾಗಿ, ಚಿತ್ರವನ್ನು ನೋಡದೆಯೇ, ಅಂದಾಜಿನ ಮೇಲೆ ಸಿದ್ಧಪಡಿಸಬೇಕು. ತಾವು ತೆಗೆದದ್ದು ಏನಾಯಿತೆಂಬುದನ್ನು ಮಾಡಿದವರೂ ಪ್ರೇಕ್ಷಕರ ಜೊತೆಯಲ್ಲೇ, ತುಂಬಿದ ಸಭೆಯಲ್ಲಿ, ಮೊದಲ ಬಾರಿಗೆ ನೋಡುತ್ತಾರೆ. ಆ ಕುರ್ಚಿಯಲ್ಲಿ ಕುಳಿತವರ ಎದೆ ಹೇಗೆ ಹೊಡೆದುಕೊಳ್ಳುತ್ತಿರಬಹುದೆಂದು ಊಹಿಸಿ.

ವೇಗದ ಹುಚ್ಚು ನಮ್ಮ ಕನ್ನಡ ಚಿತ್ರರಂಗಕ್ಕೂ ಹೊಸದಲ್ಲ. ದಿನೇಶ್ ಬಾಬು ಅವರ 'ಇದು ಸಾಧ್ಯ' (1989) ಚಿತ್ರದ ಚಿತ್ರೀಕರಣ ಎರಡು ದಿನಗಳೊಳಗೆ ಮುಗಿಯಿತೆಂಬುದು ಹೆಸರಿನಷ್ಟೇ ಪ್ರಸಿದ್ಧವಾದ ಸಂಗತಿ. 2010ರ 'ಸುಗ್ರೀವ' 18 ಗಂಟೆಗಳಲ್ಲಿ ಚಿತ್ರಿತವಾಯಿತು. ಆದರೆ ಅವು ವೃತ್ತಿಪರರ ಸಾಹಸಗಳು. ಕಥೆ ಮೊದಲೇ ಸಿದ್ಧ, ಸಂಕಲನ ಆಮೇಲೆ. ಓಟವೆಲ್ಲ ನಡುವಣ ಚಿತ್ರೀಕರಣದ್ದು. ಹವ್ಯಾಸಿಗಳ ಪಂದ್ಯದಲ್ಲಿ ಹಾಗಿಲ್ಲ. ಬಿತ್ತುವುದು, ಕೊಯ್ಯುವುದು, ಅಡಿಗೆ ಮಾಡಿ ಬಡಿಸುವುದು ಎಲ್ಲವೂ ಅದೇ ಎರಡು ದಿನಗಳಲ್ಲಿ.

ನಿಯಮಗಳನ್ನು ಕೇಳಿದಾಗ ನನಗೆ ನೆನಪಾದದ್ದು ಸಿನಿಮಾ ಅಲ್ಲ, ಅವಧಾನ. ಶತಾವಧಾನಿ ಡಾ. ರಾ. ಗಣೇಶ್ ಅವರಿಂದ ಕನ್ನಡದಲ್ಲಿ ಮತ್ತೆ ಚಿಗುರಿದ ಈ ಕಲೆಯನ್ನು ನಿಮ್ಮಲ್ಲಿ ಅನೇಕರು ನೋಡಿಯೇ ಇರುತ್ತೀರಿ. ದತ್ತಪದಿಯಲ್ಲಿ ಪೃಚ್ಛಕರು ನಾಲ್ಕು ಪದಗಳನ್ನು ಕೊಡುತ್ತಾರೆ. ಅವು ಪದ್ಯದ ನಾಲ್ಕು ಪಾದಗಳಲ್ಲಿ ಒಂದೊಂದರಂತೆ ಬರಬೇಕು. ಸಮಸ್ಯಾಪೂರಣದಲ್ಲಿ ಅಸಂಬದ್ಧವೆನ್ನಿಸುವ ಒಂದು ಸಾಲನ್ನು ಒಡ್ಡಿ, ಉಳಿದ ಮೂರು ಸಾಲುಗಳಿಂದ ಅದಕ್ಕೆ ಅರ್ಥ ತುಂಬಿ ಎನ್ನುತ್ತಾರೆ. ಕೊಡೆಯೂ ಅಂಚೆಯವನೂ ದತ್ತಪದಿಯಾದರೆ 'ನಾನಾಗಲೇ ಹೇಳಿದ್ನಲ್ಲ' ಎಂಬುದು ಸಮಸ್ಯೆ. ಅವಧಾನದಲ್ಲಿ ಅಪ್ರಸ್ತುತ ಪ್ರಸಂಗವೆಂಬ ಅಂಗವೊಂದಿದೆ. ಕವಿ ಪದ್ಯ ಕಟ್ಟುತ್ತಿರುವಾಗ ನಡುವೆ ಬಾಯಿ ಹಾಕಿ ಮನೆಯ, ಮಾರುಕಟ್ಟೆಯ ಪ್ರಶ್ನೆಗಳನ್ನೆತ್ತಿ ಅವನ ಏಕಾಗ್ರತೆಯನ್ನು ಕೆಡಿಸುವುದು. ಚಿತ್ರೀಕರಣದ ಶನಿವಾರ ನಮ್ಮ ಮನೆಯಲ್ಲಿ ಆ ಕೆಲಸವನ್ನು ಪಕ್ಕದ ಮನೆಯ ನೀರೆತ್ತುವ ಪಂಪು, ಸೊಪ್ಪು ಮಾರುವವರ ಕೂಗು ಮತ್ತು ನಮ್ಮದೇ ಅಡಿಗೆಮನೆಯ ಕುಕ್ಕರು ಸಮರ್ಥವಾಗಿ ನಿರ್ವಹಿಸಿದವು.

ಹೌದು, ಒಂದು ತಂಡ ನಮ್ಮ ಮನೆಗೇ ಬಂದಿಳಿದಿತ್ತು. ನನ್ನ ಮೊಮ್ಮಗಳು, ಅವಳ ನಾಲ್ವರು ಸ್ನೇಹಿತರು. ಅವರು ಎತ್ತಿದ ಚೀಟಿ ಪತ್ತೇದಾರಿ. ಶುಕ್ರವಾರ ರಾತ್ರಿ ಊಟವಾದ ಮೇಲೆ ಐವರೂ ಹಜಾರದಲ್ಲಿ ಕುಳಿತು ಕೊಲೆ, ಕಳ್ಳತನ, ನಿಧಿ ಎಂದೆಲ್ಲ ಗಟ್ಟಿಯಾಗಿ ಚರ್ಚಿಸುತ್ತಿದ್ದರು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು ನಾನು. ಬರೆದದ್ದನ್ನು ಆರು ತಿಂಗಳು ಪೆಟ್ಟಿಗೆಯಲ್ಲಿಟ್ಟು ಆಮೇಲೆ ತೆಗೆದು ನೋಡಿ ಎಂದು ಎಷ್ಟು ತಲೆಮಾರುಗಳಿಗೆ ಉಪದೇಶಿಸಿದ್ದೇನೋ! ನನ್ನದೇ ಒಂದು ಕಾದಂಬರಿ ಆ ಉಪದೇಶವನ್ನು ಪಾಲಿಸುತ್ತ 1988ರಿಂದ ಪೆಟ್ಟಿಗೆಯಲ್ಲಿದೆ. ಒಂದೇ ರಾತ್ರಿಯಲ್ಲಿ ಕಥೆ ಬರೆಯುವ ಈ ಕಾರ್ಯದಲ್ಲಿ ನನಗೆ ಗೌರವ ಹುಟ್ಟಲಿಲ್ಲ. ಹತ್ತು ಗಂಟೆಗೆ ಹೋಗಿ ಮಲಗಿಬಿಟ್ಟೆ.

ಬೆಳಗ್ಗೆ ಆರಕ್ಕೆ ಮೊಮ್ಮಗಳು ಬಂದು ಎಬ್ಬಿಸಿದಳು. "ತಾತ, ಅಂಚೆಯವನ ಪಾತ್ರಕ್ಕೆ ಒಪ್ಪಿಕೊಂಡಿದ್ದವರಿಗೆ ಜ್ವರವಂತೆ. ನೀವೇ ಮಾಡಬೇಕು. ಮಾತು ಹೆಚ್ಚಿಲ್ಲ." ಕೈಗೆ ಎರಡು ಹಾಳೆ ಕೊಟ್ಟಳು. ಕೊಲೆ, ನಿಧಿ ಒಂದೂ ಅದರಲ್ಲಿರಲಿಲ್ಲ. ಒಬ್ಬ ನಿವೃತ್ತ ಅಂಚೆಯವನಿಗೆ ಹಳೆಯ ಕೊಡೆಯೊಂದರ ಮಡಿಕೆಯಲ್ಲಿ, ತಾನು ಎಂದೋ ಮುಟ್ಟಿಸದೆ ಮರೆತ ಒಂದು ಕಾಗದ ಸಿಗುತ್ತದೆ. ಮಳೆಗೆ ವಿಳಾಸ ಅಳಿಸಿದೆ. ಅದು ಯಾರದೆಂದು ಪತ್ತೆ ಮಾಡುತ್ತ ಹೋಗಿ ಕೊನೆಗೆ ಒಬ್ಬ ಮುದುಕಿಯ ಮುಂದೆ ನಿಲ್ಲುತ್ತಾನೆ. ಕಾಗದ ಬಂದಿರುವುದು ಅವಳ ಶಾಲೆಯಿಂದ. ಅವಳು ಹುಡುಗಿಯಾಗಿದ್ದಾಗ ಬರೆದ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾಳೆ. ಅವನು ಅದನ್ನು ಓದಿ ಹೇಳಿದಾಗ ಅವಳು ಅನ್ನಬೇಕಾದ ಮಾತು: "ನಾನಾಗಲೇ ಹೇಳಿದ್ನಲ್ಲ."

ಮುದುಕಿಯ ಪಾತ್ರ ನನ್ನ ಅಕ್ಕನದು.

ಅಕ್ಕನಿಗೆ ಈಗ ಎಂಬತ್ತನಾಲ್ಕು. ನನಗಿಂತ ಹನ್ನೆರಡು ವರ್ಷ ಹಿರಿಯಳು. ನಾನು ಕೈಗೂಸಾಗಿದ್ದಾಗ ನಮ್ಮ ತಾಯಿ ತೀರಿಕೊಂಡರು. ಅಕ್ಕ ಶಾಲೆ ಬಿಟ್ಟು ನನ್ನನ್ನು ಸಾಕಿದಳು. ಆದರೆ ನಮ್ಮ ಮನೆಯಲ್ಲಿ ಇದನ್ನು ಬೇರೊಂದು ರೀತಿಯಲ್ಲಿ ಹೇಳುವ ರೂಢಿಯಿತ್ತು: 'ಅವಳಿಗೆ ಓದಿನಲ್ಲಿ ಮನಸ್ಸಿರಲಿಲ್ಲ.' ನಾನೂ ಹಾಗೆಯೇ ಹೇಳುತ್ತ ಬಂದಿದ್ದೆ. ಈ ಕಥೆ ಎಲ್ಲಿಂದ ಬಂತೆಂದು ಮೊಮ್ಮಗಳನ್ನು ಕೇಳಿದೆ. ರಾತ್ರಿ ಹನ್ನೊಂದು ಗಂಟೆಗೆ, ಕಥೆ ಹೊಳೆಯದೆ ಕುಳಿತಿದ್ದಾಗ, ನಿದ್ರೆ ಬಾರದ ಅಕ್ಕ ಎದ್ದು ಬಂದು ಇವರ ಜೊತೆ ಕುಳಿತಳಂತೆ. ಅಂಚೆಯ ಮಾತು ಬಂದಾಗ ಹೇಳಿದಳಂತೆ: ಲೋಯರ್ ಸೆಕೆಂಡರಿ ಪರೀಕ್ಷೆಗೆ ಕೂತಿದ್ದೆ, ಫಲಿತಾಂಶ ಬರುವ ಹೊತ್ತಿಗೆ ಮನೆಯಲ್ಲಿ ಅಮ್ಮ ಹೋಗಿದ್ದಳು, ನೋಡಿಕೊಂಡು ಬರೋಕೆ ಯಾರೂ ಹೋಗಲಿಲ್ಲ, ಪಾಸಾಗಿರುತ್ತೆ, ನನಗೆ ಗೊತ್ತಿತ್ತು. ಇಷ್ಟೇ.

ಎಪ್ಪತ್ತು ವರ್ಷಗಳಲ್ಲಿ ನಾನು ಕೇಳದಿದ್ದ ಪ್ರಶ್ನೆ ಅದು.

ಮತ್ತೆ ಕೆಲಸದ ವಿಷಯಕ್ಕೆ ಬರುತ್ತೇನೆ. ಈ ಮಕ್ಕಳು ಚಿತ್ರವನ್ನು ತೆಗೆದದ್ದು ಮೊಬೈಲ್ ಫೋನಿನಲ್ಲಿ. ಇಂದಿನ ಫೋನುಗಳು ಚಿತ್ರದ ಮಟ್ಟಿಗೆ ಮೋಸ ಮಾಡುವುದಿಲ್ಲ. ಕಷ್ಟವಿರುವುದು ಧ್ವನಿಯಲ್ಲಿ. ಕಣ್ಣು ತನಗೆ ಬೇಕಾದುದನ್ನು ಆರಿಸಿಕೊಂಡು ಬೇಡದ್ದನ್ನು ಬಿಡುತ್ತದೆ, ನಮ್ಮ ಕಿವಿಯೂ ಹಾಗೆಯೇ. ಧ್ವನಿಗ್ರಾಹಕ ಯಂತ್ರಕ್ಕೆ ಆ ವಿವೇಕವಿಲ್ಲ. ಮಾತಿಗೂ ಪಂಪಿಗೂ ಅದು ಸಮಾನ ಗೌರವ ಕೊಡುತ್ತದೆ. ಆದ್ದರಿಂದ ಬೆಲೆಬಾಳುವ ಕ್ಯಾಮರಾ ತರುವುದಕ್ಕಿಂತ ಒಂದು ಸಾಧಾರಣ ಮೈಕನ್ನು ಮಾತನಾಡುವವರ ಬಾಯಿಯ ಹತ್ತಿರಕ್ಕೆ ತರುವುದು ಮೇಲು ಎಂದು ಧ್ವನಿಯ ಹೊಣೆ ಹೊತ್ತ ಹುಡುಗ ನನಗೆ ತಿಳಿಸಿದ. ಅವನಿಂದಲೇ ಇನ್ನೊಂದು ಸಂಗತಿಯನ್ನೂ ಕಲಿತೆ. ಪ್ರತಿಯೊಂದು ಕೋಣೆಗೂ ಅದರದೇ ಒಂದು ಮೌನವಿರುತ್ತದೆ. ಫ್ಯಾನು, ದೂರದ ರಸ್ತೆ, ಗೋಡೆಗಳ ಮಾರ್ದನಿ ಎಲ್ಲ ಸೇರಿ ಆದ ಮೌನ. ಸಂಕಲನದಲ್ಲಿ ಎರಡು ಮಾತುಗಳ ನಡುವೆ ಬರಿಯ ಶೂನ್ಯವನ್ನು ಬಿಟ್ಟರೆ ಕೇಳುವವನಿಗೆ ಹಳ್ಳಕ್ಕೆ ಬಿದ್ದಂತಾಗುತ್ತದೆ. ಅದಕ್ಕಾಗಿ, ದೃಶ್ಯ ಮುಗಿದ ಮೇಲೆ ಎಲ್ಲರೂ ಇದ್ದಲ್ಲೇ ಉಸಿರು ಬಿಗಿಹಿಡಿದು ನಿಂತು, ಒಂದು ನಿಮಿಷದ ಮೌನವನ್ನು ಧ್ವನಿಮುದ್ರಿಸಿಕೊಂಡು, ಅದರ ತುಣುಕುಗಳಿಂದ ಆ ಹಳ್ಳಗಳನ್ನು ಮುಚ್ಚುತ್ತಾರೆ. ಆಕಾಶವಾಣಿಯ ಮಿತ್ರರಿಗೆ ಇದು ಹೊಸತೇನಲ್ಲ, ನನಗೆ ಹೊಸತು.

ಕೊನೆಯ ದೃಶ್ಯಕ್ಕೆ ಬರುವ ವೇಳೆಗೆ ಸಂಜೆ ಆರಾಗಿತ್ತು. ಮೋಡ ಕವಿದು ಬೆಳಕು ಇಳಿಯುತ್ತಿತ್ತು. ಒಂದೇ ಸಲ ತೆಗೆಯಲು ಸಾಧ್ಯ, ತಪ್ಪಬೇಡಿ ಎಂದರು. ನಾನು ಜಗಲಿಯ ಮೇಲೆ ಕೊಡೆ ಹಿಡಿದು ನಿಂತು ಕಾಗದ ಓದಿದೆ. ಅಕ್ಕ ಹೂ ಕಟ್ಟುತ್ತಿದ್ದವಳು ಕೈ ನಿಲ್ಲಿಸಿ, ತಲೆಯೆತ್ತಿ ನನ್ನನ್ನು ನೋಡಿ, ಆ ಮಾತನ್ನು ಹೇಳಿದಳು. ಸಿಟ್ಟಿನಿಂದಲ್ಲ, ಅಳುವಿನಿಂದಲೂ ಅಲ್ಲ. ಸಾರಿಗೆ ಉಪ್ಪು ಸಾಕೇ ಎಂದು ಕೇಳಿದವರಿಗೆ ಉತ್ತರ ಕೊಡುವ ಧ್ವನಿ. ಅದೇ ಕ್ಷಣಕ್ಕೆ ಒಳಗೆ ಕುಕ್ಕರು ಸೀಟಿ ಹಾಕಿತು. ಹಾಳೆಯಲ್ಲಿ ಅಂಚೆಯವನಿಗೆ ಇನ್ನೊಂದು ಮಾತಿತ್ತು. ನನಗೆ ಅದು ಬಾಯಿಗೆ ಬರಲಿಲ್ಲ. ಧ್ವನಿಯ ಹುಡುಗ ಕೈಯೆತ್ತಿ, "ಯಾರೂ ಅಲುಗಬೇಡಿ, ಒಂದು ನಿಮಿಷ ಮೌನ ಬೇಕು" ಎಂದ. ಆ ಒಂದು ನಿಮಿಷ ನಾನು ಅಕ್ಕನ ಎದುರು ನಿಂತೇ ಇದ್ದೆ. ಅವಳು ಹೂವಿನ ದಾರವನ್ನು ನೋಡುತ್ತಿದ್ದಳು.

ಭಾನುವಾರವೆಲ್ಲ ಸಂಕಲನ. ಸಂಕಲನ ಮುಗಿದರೆ ಕೆಲಸ ಮುಗಿದಂತೆ ಎಂದು ನಾನು ತಿಳಿದಿದ್ದೆ. ನಿಜವಾದ ಅಪಾಯ ಅನಂತರದ್ದು. ಕತ್ತರಿಸಿ ಜೋಡಿಸಿದ ತುಣುಕುಗಳು, ಬಣ್ಣದ ತಿದ್ದುಪಡಿ, ಧ್ವನಿ, ಹೆಸರುಗಳು ಇವನ್ನೆಲ್ಲ ಗಣಕಯಂತ್ರ ಎರಕ ಹೊಯ್ದು ಒಂದೇ ಚಿತ್ರವನ್ನಾಗಿಸಬೇಕು. ಸೆಕೆಂಡಿಗೆ 24 ಚೌಕಟ್ಟುಗಳಂತೆ ಆರು ನಿಮಿಷಕ್ಕೆ 8,640 ಚೌಕಟ್ಟುಗಳು. ಒಂದೊಂದನ್ನೂ ಅದು ಹೊಸದಾಗಿ ರಚಿಸುತ್ತದೆ. ಇದಕ್ಕೆ ರೆಂಡರ್ ಮಾಡುವುದು ಎನ್ನುತ್ತಾರೆ. ಹಳೆಯ ಯಂತ್ರವಾದರೆ ಅದು ತನ್ನ ಕಾಲಗತಿಯಲ್ಲೇ ಸಾಗುತ್ತದೆ. ಬೈದರೂ ಬೇಡಿದರೂ ಕೇಳುವುದಿಲ್ಲ. ಇಂಥ ಪಂದ್ಯಗಳಲ್ಲಿ ತಡವಾಗುವ ತಂಡಗಳು ಸೋಲುವುದು ಹೆಚ್ಚಾಗಿ ಈ ಕೊನೆಯ ಗಂಟೆಯಲ್ಲೇ. ನಮ್ಮವರ ಯಂತ್ರ ಏಳು ಗಂಟೆಗೆ ಮುಕ್ಕಾಲು ಪಾಲು ಮುಗಿಸಿ ನಿಂತುಬಿಟ್ಟಿತು. ಮತ್ತೆ ಮೊದಲಿನಿಂದ. ಪೆನ್ ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ಇಬ್ಬರು ಸ್ಕೂಟರಿನಲ್ಲಿ ಮಳೆಯಲ್ಲೇ ಓಡಿದರು. ತಲುಪಿದಾಗ ಏಳು ಗಂಟೆ ನಲವತ್ತೊಂದು ನಿಮಿಷ. ಹನ್ನೊಂದು ನಿಮಿಷ ತಡ.

ಹೀಗೆ ಬಹುಮಾನದ ಆಸೆಯಿಲ್ಲದೆ, ಆದರೆ ಬೇರೊಂದು ಅಂಜಿಕೆಯಿಂದ, ನಾನು ಪ್ರದರ್ಶನಕ್ಕೆ ಹೋದೆ. ಅಕ್ಕನನ್ನು ಆಟೋದಲ್ಲಿ ಕರೆದೊಯ್ದೆವು. ಒಟ್ಟು ಹದಿನಾಲ್ಕು ಚಿತ್ರಗಳು.

ಎಲ್ಲವೂ ಚೆನ್ನಾಗಿದ್ದವೆಂದು ಹೇಳಿದರೆ ಸುಳ್ಳಾಗುತ್ತದೆ. ನಾಲ್ಕೈದರಲ್ಲಿ ಮಾತೇ ಕೇಳಿಸಲಿಲ್ಲ. ಒಂದರಲ್ಲಿ ಕೊನೆಯ ಹೆಸರುಪಟ್ಟಿ ಚಿತ್ರಕ್ಕೆ ಪೈಪೋಟಿ ಕೊಡುವಷ್ಟು ಉದ್ದವಾಗಿತ್ತು. ಭಯಾನಕದ ಚೀಟಿ ಬಂದವರೆಲ್ಲ ಕೊಡೆಯನ್ನು ತಾನಾಗಿ ಬಿಚ್ಚಿಕೊಳ್ಳುವಂತೆ ಮಾಡಿದ್ದರು. ಮೊದಲನೆಯ ಸಲ ಬೆಚ್ಚಿದ ಸಭೆ ಮೂರನೆಯ ಸಲ ಚಪ್ಪಾಳೆ ತಟ್ಟಿತು. ಎಲ್ಲೋ ನೋಡಿದ ಅನ್ಯಭಾಷೆಯ ಚಿತ್ರಗಳ ಅನುಕರಣೆಯೂ ಧಾರಾಳವಾಗಿತ್ತು. ಕೆಲವು ಚಿತ್ರಗಳಿಗೆ ಕೊನೆಯೇ ಇರಲಿಲ್ಲ. ಹೊತ್ತು ಮುಗಿದಿತ್ತು, ಅಷ್ಟೆ. ಅವಸರ ಪ್ರತಿಭೆಯನ್ನು ಹುಟ್ಟಿಸುತ್ತದೆಂದು ನಾನು ವಾದಿಸಲಾರೆ. ಅವಸರ ಹುಟ್ಟಿಸುವುದು ಹೆಚ್ಚಾಗಿ ಅವಸರದ ಕೆಲಸವನ್ನೇ.

ಆದರೂ ಅಂಥ ಸಭೆಯಲ್ಲಿ ಕುಳಿತು ನೋಡುವುದರಲ್ಲಿ ಬೇರೆಲ್ಲೂ ಸಿಗದ ಒಂದು ಸುಖವಿದೆ. ಎರಡನೆಯ ಚಿತ್ರದ ವೇಳೆಗೆ ಪ್ರೇಕ್ಷಕರೆಲ್ಲ 'ನಾನಾಗಲೇ ಹೇಳಿದ್ನಲ್ಲ' ಎಂಬ ಮಾತಿಗಾಗಿ ಕಾಯತೊಡಗುತ್ತಾರೆ. ಅದು ಈಗ ಬಂದೀತು, ಇಲ್ಲಿ ಬಂದೀತು ಎಂದು ಊಹಿಸುತ್ತಾರೆ. ಬಂದಾಗ ಗೊಳ್ಳೆಂದು ನಗುತ್ತಾರೆ. ಒಂದೇ ಮಾತು ಒಬ್ಬ ಪ್ರೇಮಿಯ ಬಾಯಲ್ಲಿ ಅಳುಕಾಗಿ, ಸೊಸೆಯ ಬಾಯಲ್ಲಿ ಕುಟುಕಾಗಿ, ಸಾಲಗಾರನ ಬಾಯಲ್ಲಿ ನೆಪವಾಗಿ ಬಂತು. ವಿದ್ಯಾರ್ಥಿನಿಲಯದ ಹುಡುಗರ ಚಿತ್ರವೊಂದರಲ್ಲಿ ಊಟದ ತಟ್ಟೆಗಳ ತಾಳವಲ್ಲದೆ ಬೇರೆ ಸಂಗೀತವಿರಲಿಲ್ಲ. ಮಾತೂ ಇರಲಿಲ್ಲ, ಕೊನೆಯಲ್ಲಿ ಅಡಿಗೆಯವರು ಖಾಲಿ ಪಾತ್ರೆ ತೋರಿಸಿ ಆ ಮಾತನ್ನು ಹೇಳಿದಾಗ ನಾನೂ ಗಟ್ಟಿಯಾಗಿ ನಕ್ಕೆ. ಮೊದಲ ಬಹುಮಾನ ಆ ಚಿತ್ರಕ್ಕೇ ಬಂತು, ನ್ಯಾಯವಾಗಿಯೇ ಬಂತು.

ಇನ್ನೊಂದನ್ನೂ ಗಮನಿಸಿದೆ. ಹದಿನಾಲ್ಕು ಚಿತ್ರಗಳಲ್ಲಿ ಒಂದರಲ್ಲೂ ಅರಮನೆ ಇರಲಿಲ್ಲ. ಎರಡು ದಿನಗಳಲ್ಲಿ ಯಾರು ಅನುಮತಿ ತಂದಾರು? ಬದಲಿಗೆ ಇದ್ದವು ಮನೆಯ ಮಹಡಿ ಮೆಟ್ಟಿಲು, ಬಟ್ಟೆ ಒಣಗಿಸುವ ತಾರಸಿ, ಬಾಡಿಗೆ ಕೋಣೆ, ಮಳೆ ನಿಂತ ಗಲ್ಲಿ, ಕುಕ್ಕರಹಳ್ಳಿ ಕೆರೆಯ ದಂಡೆ, ಯಾರದೋ ತಾಯಿ, ಯಾರದೋ ನಾಯಿ. ದೂರದಿಂದ ಏನನ್ನೂ ತರಲು ಹೊತ್ತಿಲ್ಲದವರು ಕೈಗೆಟಕುವುದನ್ನೇ ಹಿಡಿಯುತ್ತಾರೆ. ಸಿನಿಮಾದ ಹುಟ್ಟೂ ಹೀಗೆಯೇ ಆಯಿತಲ್ಲವೆ? 1895ರ ಡಿಸೆಂಬರ್ 28ರಂದು ಪ್ಯಾರಿಸಿನ ಗ್ರಾಂಡ್ ಕೆಫೆಯಲ್ಲಿ ಲೂಮಿಯೇರ್ ಸೋದರರು ತೋರಿಸಿದ ಹತ್ತು ಚಿತ್ರಗಳು ತಲಾ ಒಂದು ನಿಮಿಷಕ್ಕೂ ಕಡಿಮೆ. ಸುಮಾರು 17 ಮೀಟರ್ ಫಿಲಮ್ಮು ಮುಗಿದರೆ ಚಿತ್ರವೂ ಮುಗಿಯಿತು. ಅವುಗಳಲ್ಲಿ ಏನಿತ್ತು? ತಮ್ಮದೇ ಕಾರ್ಖಾನೆಯಿಂದ ಹೊರಬರುವ ಕೆಲಸಗಾರರು. ಅಣ್ಣ ಅತ್ತಿಗೆ ತಮ್ಮ ಮಗುವಿಗೆ ಉಣಿಸುವುದು. ತೋಟಕ್ಕೆ ನೀರು ಬಿಡುವವನ ಪಜೀತಿ. ನೂರು ವರ್ಷಗಳ ಬಳಿಕ, 1995ರಲ್ಲಿ, ಜಗತ್ತಿನ ಸುಮಾರು ನಲವತ್ತು ನಿರ್ದೇಶಕರ ಕೈಗೆ ಆ ಹಳೆಯ ಯಂತ್ರವನ್ನೇ ಕೊಟ್ಟು, 52 ಸೆಕೆಂಡುಗಳಲ್ಲಿ, ಮೂರು ಯತ್ನಗಳನ್ನು ಮೀರದಂತೆ ಚಿತ್ರ ತೆಗೆಯಿರಿ ಎಂದು ಕೇಳಿದಾಗ, ಅವರಲ್ಲಿಯೂ ಕೆಲವರು ತಮ್ಮ ಮಕ್ಕಳು ಮರಿಗಳ ಕಡೆಗೇ ಕ್ಯಾಮರಾ ತಿರುಗಿಸಿದರು. ಮೊಮ್ಮಗಳಿಗೆ ಒಂದು ತಿಂಗಳ ಅವಕಾಶ ಸಿಕ್ಕಿದ್ದರೆ ಅವಳು ಖಂಡಿತ ಒಂದು ಒಳ್ಳೆಯ ಕೊಲೆಯ ಕಥೆಯನ್ನು ಬರೆಯುತ್ತಿದ್ದಳು. ನಿದ್ರೆ ಬಾರದ ದೊಡ್ಡಜ್ಜಿಯ ಮಾತಿಗೆ ಕಿವಿಗೊಡುತ್ತಿರಲಿಲ್ಲ.

ನಮ್ಮ ಚಿತ್ರವನ್ನು ಕೊನೆಯಲ್ಲಿ, 'ಸ್ಪರ್ಧೆಗಿಲ್ಲ' ಎಂಬ ಪ್ರಕಟಣೆಯೊಂದಿಗೆ ತೋರಿಸಿದರು. ಜನ ಆಗಲೇ ಚಪ್ಪಲಿ ಹುಡುಕತೊಡಗಿದ್ದರು. ಆರು ನಿಮಿಷ ಎಷ್ಟು ದೀರ್ಘವೆಂದು ಅಂದು ತಿಳಿಯಿತು. ನನ್ನ ಅಭಿನಯದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಕೊಡೆಯನ್ನು ಲಾಠಿಯಂತೆ ಹಿಡಿದಿದ್ದೆ. ಕೊನೆಯ ದೃಶ್ಯ ಬಂತು. ಅಕ್ಕ ತಲೆಯೆತ್ತಿ ಆ ಮಾತನ್ನು ಹೇಳಿದಳು. ಸಂಜೆಯಿಡೀ ಆ ಮಾತಿಗೆ ನಕ್ಕಿದ್ದ ಸಭೆ ಈ ಸಲ ನಗಲಿಲ್ಲ. ಆಮೇಲೆ ತೆರೆಯ ಮೇಲೆ ನನ್ನ ಮುಖ. ಮರೆತ ಮಾತಿನ ಜಾಗದಲ್ಲಿ ಸುಮ್ಮನೆ ನಿಂತ ಮುಖ. ಅದರ ಕೆಳಗೆ ಹುಡುಗ ಹಿಡಿದಿಟ್ಟ ನಮ್ಮ ಜಗಲಿಯ ಮೌನ. ಹತ್ತು ಹನ್ನೆರಡು ಸೆಕೆಂಡಾದರೂ ಅದನ್ನು ಹಾಗೆಯೇ ಬಿಟ್ಟಿದ್ದರು. ಪಕ್ಕದಲ್ಲಿದ್ದ ಅಕ್ಕನ ಕಡೆಗೆ ನಾನು ತಿರುಗಿ ನೋಡಲಿಲ್ಲ. ಅವಳ ಕೈ ಕುರ್ಚಿಯ ತೋಳಿನ ಮೇಲಿತ್ತು, ಅದರ ಮೇಲೆ ನನ್ನ ಕೈಯಿಟ್ಟೆ.

ಹೊರಗೆ ಮತ್ತೆ ಹನಿಯುತ್ತಿತ್ತು. ಆಟೋ ಸಿಗುವವರೆಗೆ ಮೂವರೂ ಮಾಡಿನ ಕೆಳಗೆ ನಿಂತೆವು. ನಾನು ಏನಾದರೂ ಹೇಳಬೇಕೆಂದು ಹೊರಟು, "ಅಕ್ಕಾ, ಆ ಪರೀಕ್ಷೆ..." ಎಂದೆ. ಅಕ್ಕ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಮೊಮ್ಮಗಳ ಕಡೆ ತಿರುಗಿ, "ಎಲ್ಲಾ ಸರಿ ಕಣೇ, ಆ ಕುಕ್ಕರಿನ ಸೀಟಿ ಯಾಕೆ ತೆಗೀಲಿಲ್ಲ?" ಎಂದು ಕೇಳಿದಳು.

"ಟೈಮಿರಲಿಲ್ಲ ದೊಡ್ಡಜ್ಜಿ."

"ಮುಂದಿನ ಸಲ ಅನ್ನಕ್ಕೆ ಮೊದಲೇ ಇಟ್ಟುಬಿಡೋಣ" ಎಂದಳು ಅಕ್ಕ.